ಚುಕ್ಕೆಯ ಕಣಜದ ಗುರುತು

'ಕೀಟ-ಭ್ರಮರ ನ್ಯಾಯ' ಎಂಬ ಮಾತು ನಮ್ಮ ಸಾಹಿತ್ಯದಲ್ಲಿಯೂ ವೇದಾಂತದಲ್ಲಿಯೂ ಬಹುಕಾಲದಿಂದ ಬಳಕೆಯಲ್ಲಿದೆ. ಭ್ರಮರವೊಂದು ಎಲ್ಲಿಂದಲೋ ಹುಳುವನ್ನು ಹಿಡಿದು ತಂದು ತನ್ನ ಮಣ್ಣಿನ ಗೂಡಿನಲ್ಲಿ ಇಡುತ್ತದೆ. ಗೂಡಿನ ಸುತ್ತ ಝೇಂಕರಿಸುತ್ತ ಹುಳುವನ್ನು ಕುಟುಕುತ್ತದೆ. ಹಗಲಿರುಳೂ ಭ್ರಮರವನ್ನೇ ನೆನೆಯುತ್ತ ಆ ಹುಳು ಕಟ್ಟಕಡೆಗೆ ತಾನೇ ಭ್ರಮರವಾಗಿ ಹೊರಬರುತ್ತದೆ. ಇದು ಆ ನ್ಯಾಯದ ತಿರುಳು. ಯಾವುದನ್ನು ಎಡೆಬಿಡದೆ ಧ್ಯಾನಿಸುತ್ತೇವೆಯೋ ನಾವು ಅದೇ ಆಗುತ್ತೇವೆ ಎಂಬ ತತ್ತ್ವವನ್ನು ತಿಳಿಸಲು ಹಿರಿಯರು ಈ ಹೋಲಿಕೆಯನ್ನು ಬಳಸಿದರು. ಭಕ್ತಿಯ ಮಾತಾಗಿ ಇದರ ಸೊಗಸು ಇಂದಿಗೂ ಕುಂದಿಲ್ಲ.

ಹೋಲಿಕೆಯ ಹಿಂದೆ ನಿಜವಾದ ನೋಟವೊಂದಿದೆ. ಮನೆಯ ಗೋಡೆಯ ಮೂಲೆಯಲ್ಲಿ ಕುಂಬಾರ ಹುಳು ಮಣ್ಣಿನ ಗೂಡು ಕಟ್ಟುವುದನ್ನೂ ಅದರೊಳಗೆ ಹಸಿರು ಹುಳುಗಳನ್ನು ತುಂಬುವುದನ್ನೂ ಹಳ್ಳಿಯ ಜನ ಕಣ್ಣಾರೆ ಕಂಡಿದ್ದಾರೆ. ಕೆಲವು ವಾರಗಳ ಬಳಿಕ ಅದೇ ಗೂಡಿನಿಂದ ಕಣಜ ಹೊರಬರುವುದನ್ನೂ ಕಂಡಿದ್ದಾರೆ. ಒಳಗೆ ಹೋದದ್ದು ಹುಳು, ಹೊರಗೆ ಬಂದದ್ದು ಕಣಜ. ಆದ್ದರಿಂದ ಹುಳುವೇ ಕಣಜವಾಯಿತೆಂದು ಬಗೆದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ನೋಟದಲ್ಲಿ ತಪ್ಪಿರಲಿಲ್ಲ, ಆದರೆ ನೋಟ ಅರ್ಧಕ್ಕೇ ನಿಂತಿತ್ತು. ಗೂಡನ್ನು ಒಡೆದು ನೋಡಿದ್ದರೆ, ಹುಳುಗಳ ನಡುವೆ ತಾಯಿ ಕಣಜ ಇಟ್ಟ ಒಂದು ಸಣ್ಣ ಮೊಟ್ಟೆ ಕಾಣಿಸುತ್ತಿತ್ತು. ಆ ಮೊಟ್ಟೆಯಿಂದ ಹೊರಟ ಮರಿಗೆ ಹುಳುಗಳು ಆಹಾರ ಮಾತ್ರ. ಯುರೋಪಿನಲ್ಲಿಯೂ ಬಹುಕಾಲ ಇಂತಹ ಗೊಂದಲವೇ ಇತ್ತು. ಚಿಟ್ಟೆ ಹೊರಬರಬೇಕಾದ ಕೋಶದಿಂದ ಕಣಜ ಹೊರಬಂದಾಗ ಅಲ್ಲಿನ ವಿದ್ವಾಂಸರೂ ತಬ್ಬಿಬ್ಬಾಗಿದ್ದರು. 1700ರ ಸುಮಾರಿಗೆ ಹಾಲೆಂಡಿನ ಲೇವನ್‌ಹುಕ್, ಇಟಲಿಯ ವಲ್ಲಿಸ್ನೇರಿ ಮೊದಲಾದವರು ಇದರ ನಿಜಸ್ಥಿತಿಯನ್ನು ವಿವರಿಸಿದರು.

ಕುಂಬಾರ ಹುಳುವಿನಂತೆ ಗೂಡು ಕಟ್ಟದೆ, ಬೇರೆ ಕೀಟದ ದೇಹವನ್ನೇ ತನ್ನ ಮರಿಗೆ ತೊಟ್ಟಿಲಾಗಿಯೂ ಊಟವಾಗಿಯೂ ಮಾಡಿಕೊಳ್ಳುವ ಕಣಜಗಳು ಅಸಂಖ್ಯಾತವಾಗಿವೆ. ಇವುಗಳನ್ನು ಪರೋಪಜೀವಿ ಕಣಜಗಳೆಂದು ಕರೆಯುತ್ತಾರೆ. ಹೇನು, ಉಣ್ಣೆ, ಜಂತುಹುಳು ಮುಂತಾದ ಪರೋಪಜೀವಿಗಳು ತಮಗೆ ಆಶ್ರಯ ಕೊಟ್ಟ ಪ್ರಾಣಿಯನ್ನು ಸಾಮಾನ್ಯವಾಗಿ ಕೊಲ್ಲುವುದಿಲ್ಲ. ಅದು ಬದುಕಿದ್ದರೇ ಅವಕ್ಕೂ ಬದುಕು. ಆದರೆ ಈ ಕಣಜದ ಮರಿ ಬೆಳೆದು ದೊಡ್ಡದಾಗುವಷ್ಟರಲ್ಲಿ ಆಶ್ರಯ ಕೊಟ್ಟ ಕೀಟ ಸತ್ತೇ ಹೋಗುತ್ತದೆ. ಈ ಭೇದವನ್ನು ಗಮನಿಸಿ 1913ರಲ್ಲಿ ಫಿನ್ಲೆಂಡಿನ ಕೀಟವಿಜ್ಞಾನಿ ರಾಯಿಟರ್ ಇಂತಹ ಜೀವಿಗಳಿಗೆ ಪ್ರತ್ಯೇಕವಾದ ಹೆಸರನ್ನೇ ಸೂಚಿಸಿದನು. ಮರಿಯಾಗಿದ್ದಾಗ ಮಾತ್ರ ಇವು ಪರೋಪಜೀವಿಗಳು. ರೆಕ್ಕೆ ಬಂದ ಮೇಲೆ ಹೂವಿನ ಮಕರಂದವನ್ನೂ ಎಲೆಯ ಮೇಲಿನ ಸಿಹಿ ದ್ರವವನ್ನೂ ಹೀರುತ್ತ ಸ್ವತಂತ್ರವಾಗಿ ಬಾಳುತ್ತವೆ.

ಕಾರವಾರ, ಅಂಕೋಲಾ ತಾಲ್ಲೂಕುಗಳು ಇಂತಹ ಕಣಜಗಳನ್ನು ನೋಡಲು ಹೇಳಿ ಮಾಡಿಸಿದ ಪ್ರದೇಶಗಳು. ಒಂದು ಕಡೆ ಅರಬ್ಬೀ ಸಮುದ್ರ, ಇನ್ನೊಂದು ಕಡೆ ಸಹ್ಯಾದ್ರಿಯ ದಟ್ಟವಾದ ಕಾಡು. ಇವೆರಡರ ನಡುವಿನ ಕಿರಿದಾದ ನೆಲದಲ್ಲಿ ಕಾಳಿ, ಗಂಗಾವಳಿ ನದಿಗಳು ಹರಿದು ಕಡಲನ್ನು ಸೇರುತ್ತವೆ. ತೀರದುದ್ದಕ್ಕೂ ತೆಂಗಿನ ತೋಟ, ಅದರ ಹಿಂದೆ ಭತ್ತದ ಗದ್ದೆ, ಗದ್ದೆಯ ಅಂಚಿನಲ್ಲಿ ಮಾವು, ಗೇರು, ಅದರಾಚೆ ಬೆಟ್ಟ. ಮಳೆ ಧಾರಾಳ, ಹಸಿರಿಗೆ ಕೊರತೆಯಿಲ್ಲ. ಹಸಿರಿದ್ದಲ್ಲಿ ಅದನ್ನು ತಿನ್ನುವ ಹುಳುಗಳಿರುತ್ತವೆ. ಹುಳುಗಳಿದ್ದಲ್ಲಿ ಅವುಗಳನ್ನು ಅರಸಿ ಬರುವ ಕಣಜಗಳೂ ಇರುತ್ತವೆ.

ಮುಂಗಾರಿನ ಭತ್ತ ಬೆಳೆದು ನಿಂತಾಗ ಗದ್ದೆಯ ಬದುವಿನ ಮೇಲೆ ಸ್ವಲ್ಪ ಹೊತ್ತು ತಾಳ್ಮೆಯಿಂದ ನಿಂತು ನೋಡುವವರಿಗೆ ಹಳದಿ ಬಣ್ಣದ ಕೀಟವೊಂದು ಪೈರಿನ ನಡುವೆ ಹಾರುತ್ತಿರುವುದು ಕಾಣಿಸುತ್ತದೆ. ಅದರ ಉದ್ದ ಸುಮಾರು ಒಂದು ಸೆಂಟಿಮೀಟರ್. ಅದು ಒಂದೆಡೆ ನಿಲ್ಲುವುದಿಲ್ಲ. ಎಲೆಯಿಂದ ಎಲೆಗೆ ಹಾರುತ್ತ, ಕುಡಿಮೀಸೆಗಳನ್ನು ಅಲುಗಾಡಿಸುತ್ತ, ಮಡಚಿಕೊಂಡ ಎಲೆಗಳನ್ನು ತಡವಿ ಪರೀಕ್ಷಿಸುತ್ತದೆ. ಭತ್ತದ ಎಲೆಯನ್ನು ಉದ್ದಕ್ಕೆ ಮಡಚಿ, ಒಳಗೆ ಕುಳಿತು ಹಸಿರನ್ನು ಕೆರೆದು ತಿನ್ನುವ ಹುಳು ರೈತರಿಗೆಲ್ಲ ಪರಿಚಿತವಾದುದು. ಅದು ಬೆಳೆದು ಅಲ್ಲಿಯೇ ಕೋಶಾವಸ್ಥೆಯನ್ನು ತಾಳುತ್ತದೆ. ಹಳದಿ ಕಣಜ ಹುಡುಕುತ್ತಿರುವುದು ಇಂತಹ ಕೋಶಗಳನ್ನೇ. ಕೋಶ ಸಿಕ್ಕಿದೊಡನೆ ತನ್ನ ಹೊಟ್ಟೆಯ ತುದಿಯಲ್ಲಿರುವ ಸೂಜಿಯಂತಹ ನಳಿಕೆಯಿಂದ ಅದನ್ನು ಚುಚ್ಚಿ ಒಳಗೆ ಒಂದು ಮೊಟ್ಟೆಯಿಡುತ್ತದೆ. ಮೊಟ್ಟೆಯೊಡೆದು ಬಂದ ಮರಿ ಕೋಶದೊಳಗಿನ ಜೀವಿಯನ್ನು ತಿಂದು, ಅಲ್ಲಿಯೇ ತಾನೂ ಕೋಶಾವಸ್ಥೆಗೆ ಹೋಗುತ್ತದೆ. ಕೊನೆಗೆ ಪತಂಗ ಬರಬೇಕಾದ ಕೋಶದ ತಲೆಯ ಭಾಗವನ್ನು ಕಡಿದು ಹೊಸ ಕಣಜ ಹೊರಬರುತ್ತದೆ. ಒಂದು ಕೋಶಕ್ಕೆ ಒಂದೇ ಕಣಜ. ಹೊರಬಾರದ ಆ ಪತಂಗ ಬದುಕಿದ್ದರೆ ಮತ್ತೆಷ್ಟೋ ಮೊಟ್ಟೆಗಳನ್ನಿಡುತ್ತಿತ್ತು. ಅವುಗಳಿಂದ ಅಷ್ಟೇ ಹುಳುಗಳು ಹುಟ್ಟುತ್ತಿದ್ದವು.

ಹೀಗೆ ರೈತನಿಗೆ ಉಪಕಾರ ಮಾಡುವ ಈ ಕಣಜಕ್ಕೆ ಸಾಮಾನ್ಯವಾಗಿ ದೊರೆಯುವ ಮರ್ಯಾದೆ ಹೊಡೆತವೇ. ಮೈ ಹಳದಿ, ಅದರ ಮೇಲೆ ಕಪ್ಪು ಚುಕ್ಕೆ, ಹಿಂದೆ ಸೂಜಿ. ಇಷ್ಟು ಕಂಡೊಡನೆ 'ಕಣಜ ಕಚ್ಚೀತು' ಎಂಬ ಭಯದಿಂದ ಜನರು ಅದನ್ನು ಕೊಂದುಬಿಡುತ್ತಾರೆ. ಗೂಡು ಕಟ್ಟಿ ಗುಂಪಾಗಿ ಬಾಳುವ ಕಣಜಗಳು ತಮ್ಮ ಗೂಡಿಗೆ ಅಪಾಯ ಬಂದಾಗ ಮೇಲೆ ಬೀಳುವುದು ನಿಜ. ಆದರೆ ಈ ಕಣಜಕ್ಕೆ ಗೂಡೂ ಇಲ್ಲ, ಗುಂಪೂ ಇಲ್ಲ. ಆದ್ದರಿಂದ ಕಾಯಬೇಕಾದ ಸಂಸಾರವೂ ಇಲ್ಲ. ಅದು ಯಾರನ್ನೂ ಅಟ್ಟಿಕೊಂಡು ಬರುವುದಿಲ್ಲ. ಶತ್ರು ಯಾರು, ಮಿತ್ರ ಯಾರು ಎಂಬುದನ್ನು ಬಣ್ಣ ನೋಡಿ ನಿರ್ಧರಿಸಲು ಸಾಧ್ಯವಿಲ್ಲ. ಲಕ್ಷಣವನ್ನು ನೋಡಿ ನಿರ್ಧರಿಸಬೇಕು. ಹಾಗಾದರೆ ಆ ಲಕ್ಷಣಗಳು ಯಾವುವು?

ಕೀಟಗಳನ್ನು ಗುರುತಿಸುವವರು ದೊಡ್ಡ ಗುಂಪಿನಿಂದ ಆರಂಭಿಸಿ ಮೆಟ್ಟಿಲು ಮೆಟ್ಟಿಲಾಗಿ ಸಣ್ಣ ಗುಂಪಿಗೆ ಇಳಿಯುತ್ತಾರೆ. ಅಂಚೆಯ ವಿಳಾಸದಲ್ಲಿ ರಾಜ್ಯ, ಜಿಲ್ಲೆ, ತಾಲ್ಲೂಕು, ಊರು ಎಂದು ಇರುವಂತೆ ಇಲ್ಲಿ ಗಣ, ಕುಟುಂಬ, ಜಾತಿ, ಪ್ರಭೇದ ಎಂಬ ಮೆಟ್ಟಿಲುಗಳಿವೆ. ಒಂದೊಂದು ಮೆಟ್ಟಿಲಿನಲ್ಲಿಯೂ ಒಂದೊಂದು ಪ್ರಶ್ನೆ. ಒಂದೊಂದು ಪ್ರಶ್ನೆಗೂ ಕೀಟದ ಮೈಯಲ್ಲಿಯೇ ಉತ್ತರ.

ಮೊದಲನೆಯದು ಗಣ. ಹಾರುವ ಹಳದಿ ಕೀಟಗಳೆಲ್ಲ ಕಣಜಗಳಲ್ಲ. ಹೂವಿನ ಮೇಲೆ ಕಾಣುವ ಕೆಲವು ನೊಣಗಳೂ ಹಳದಿ-ಕಪ್ಪು ಪಟ್ಟೆಗಳಿಂದ ಕಣಜದ ವೇಷವನ್ನು ತೊಟ್ಟಿರುತ್ತವೆ. ಆದರೆ ನೊಣಕ್ಕೆ ಹಾರುವ ರೆಕ್ಕೆಗಳು ಎರಡೇ, ಕಣಜಕ್ಕೆ ನಾಲ್ಕು. ಕಣಜದ ಹಿಂದಿನ ರೆಕ್ಕೆ ಚಿಕ್ಕದಾಗಿದ್ದು, ಅದರ ಅಂಚಿನ ಸಣ್ಣ ಕೊಕ್ಕೆಗಳಿಂದ ಮುಂದಿನ ರೆಕ್ಕೆಗೆ ಸಿಕ್ಕಿಕೊಂಡಿರುತ್ತದೆ. ಇದರಿಂದಾಗಿ ಹಾರುವಾಗ ಎರಡೂ ಒಂದೇ ರೆಕ್ಕೆಯಂತೆ ಕೆಲಸ ಮಾಡುತ್ತವೆ. ಕುಡಿಮೀಸೆಗಳು ನೊಣದಲ್ಲಿ ಗಿಡ್ಡ; ಈ ಕಣಜದಲ್ಲಿ ದಾರದಂತೆ ನೀಳ. ಇವೆಲ್ಲಕ್ಕಿಂತ ಎದ್ದು ಕಾಣುವುದು ಕಣಜದ ಸೊಂಟ. ಎದೆ ಮತ್ತು ಹೊಟ್ಟೆಗಳ ನಡುವೆ ಕಟ್ಟಿ ಬಿಗಿದಂತೆ ಅದು ಕಿರಿದಾಗಿರುತ್ತದೆ. ಈ ಲಕ್ಷಣಗಳು ಕೂಡಿದ್ದರೆ ಅದು ಇರುವೆ, ಜೇನು, ಕಣಜಗಳು ಸೇರಿದ ಗಣಕ್ಕೆ ಸೇರಿದ ಕೀಟವೆಂದು ತಿಳಿಯಬಹುದು.

ಎರಡನೆಯದು ಕುಟುಂಬ. ಇಲ್ಲಿ ರೆಕ್ಕೆಯೇ ಮುಖ್ಯ ಸಾಕ್ಷಿ. ಗೂಡು ಕಟ್ಟಿ ಗುಂಪಾಗಿ ಬಾಳುವ ಕಣಜಗಳು ಕುಳಿತಾಗ ರೆಕ್ಕೆಗಳನ್ನು ಉದ್ದಕ್ಕೆ ಮಡಚಿಕೊಳ್ಳುತ್ತವೆ. ಆಗ ರೆಕ್ಕೆ ಸಪೂರವಾಗಿ ಕಾಣುತ್ತದೆ. ನಮ್ಮ ಚುಕ್ಕೆಯ ಕಣಜ ಹಾಗೆ ಮಡಚುವುದಿಲ್ಲ. ಅದರ ಪಾರದರ್ಶಕವಾದ ಮುಂದಿನ ರೆಕ್ಕೆಯನ್ನು ಭೂತಗನ್ನಡಿಯಲ್ಲಿ ನೋಡಿದರೆ ನರಗಳ ಜಾಲ ಕಾಣುತ್ತದೆ. ನರಗಳ ನಡುವಿನ ಒಂದು ದೊಡ್ಡ ಅಂಕಣ ಕುದುರೆಯ ತಲೆಯ ಆಕಾರದಲ್ಲಿರುತ್ತದೆ. ರೆಕ್ಕೆಯ ಹೊರ ಅರ್ಧದಲ್ಲಿ ಹಿಂದಕ್ಕೆ ಇಳಿಯುವ ಎರಡನೆಯ ಅಡ್ಡನರವೊಂದೂ ಇರುತ್ತದೆ. ಇವು ಇಕ್ನ್ಯೂಮನಿಡೆ ಎಂಬ ಕುಟುಂಬದ ಗುರುತುಗಳು. ಇದಕ್ಕೆ ಬಹು ಹತ್ತಿರದ ಬ್ರಾಕನಿಡೆ ಎಂಬ ಕುಟುಂಬದ ಕಣಜಗಳಲ್ಲಿ ಆ ಎರಡನೆಯ ಅಡ್ಡನರ ಸಾಮಾನ್ಯವಾಗಿ ಇರುವುದಿಲ್ಲ. ಕೂದಲಿಗಿಂತ ತೆಳುವಾದ ಒಂದು ಗೆರೆ ಇದೆಯೆ ಇಲ್ಲವೆ ಎಂಬುದರ ಮೇಲೆ ಎರಡು ಮಹಾಕುಟುಂಬಗಳು ಬೇರೆಯಾಗುತ್ತವೆ. ತೆಂಗಿನ ಗರಿಯನ್ನು ತಿನ್ನುವ ಕಪ್ಪುತಲೆ ಹುಳುವಿನ ಕೋಶದಿಂದ ಹೊರಬರುವ ಬ್ರಾಕಿಮೇರಿಯ ಎಂಬ ಗಿಡ್ಡ ಕಪ್ಪು ಕಣಜ ಇನ್ನೂ ಬೇರೆ ಕುಟುಂಬದ್ದು. ಅದರ ರೆಕ್ಕೆಯಲ್ಲಿ ನರಗಳೇ ಬಹು ಕಡಿಮೆ. ಕುಡಿಮೀಸೆ ಮೊಣಕೈಯಂತೆ ಬಾಗಿರುತ್ತದೆ. ಹಿಂಗಾಲಿನ ತೊಡೆ ಉಬ್ಬಿ, ಅಂಚಿನಲ್ಲಿ ಹಲ್ಲುಗಳಿಂದ ಕೂಡಿರುತ್ತದೆ.

ಇಕ್ನ್ಯೂಮನಿಡೆ ಕುಟುಂಬವೊಂದರಲ್ಲಿಯೇ ಪ್ರಪಂಚದಲ್ಲಿ ಸುಮಾರು 25,000 ಪ್ರಭೇದಗಳು ವಿವರಿಸಲ್ಪಟ್ಟಿವೆ. ಆದ್ದರಿಂದ ಮೂರನೆಯ ಮೆಟ್ಟಿಲಾದ ಜಾತಿಯನ್ನು ತಿಳಿಯಲು ಇನ್ನಷ್ಟು ಸೂಕ್ಷ್ಮವಾಗಿ ನೋಡಬೇಕು. ಮಳೆಗಾಲದ ರಾತ್ರಿ ಮನೆಯ ದೀಪಕ್ಕೆ ಬರುವ, ಪಕ್ಕದಿಂದ ಅದುಮಿದಂತಹ ಹೊಟ್ಟೆಯುಳ್ಳ ಕಂದು-ಹಳದಿ ಕಣಜಗಳೂ ಇದೇ ಕುಟುಂಬದವು. ಆದರೆ ಚುಕ್ಕೆಯ ಕಣಜ ಹಗಲಿನ ಜೀವಿ. ಅದರ ಮೈಕಟ್ಟು ಗಟ್ಟಿಮುಟ್ಟಾದುದು. ಅದರ ಮುಖವನ್ನು ದೊಡ್ಡದಾಗಿಸಿ ನೋಡಿದರೆ ಬಾಯಿಯ ಮೇಲಿನ ಫಲಕ ಅಡ್ಡಗೆರೆಯೊಂದರಿಂದ ಎರಡು ಭಾಗವಾಗಿರುವುದು ಕಾಣುತ್ತದೆ. ದವಡೆಗಳು ಗಿಡ್ಡವಾಗಿದ್ದು ತುದಿಯಲ್ಲಿ ತಿರುಚಿಕೊಂಡಿವೆ. ಹೀಗಾಗಿ ದವಡೆಯ ಎರಡು ಹಲ್ಲುಗಳಲ್ಲಿ ಒಂದು ಇನ್ನೊಂದರ ಮರೆಗೆ ಹೋಗುತ್ತದೆ. ಕಾಲಿನ ಉಗುರುಗಳು ದೊಡ್ಡವು, ಬಾಗಿದವು. ಮೈಯ ಬಣ್ಣ ನಿಂಬೆಯ ಹಣ್ಣಿನಂತಹ ಹಳದಿ. ಈ ಲಕ್ಷಣಗಳೆಲ್ಲ ಒಂದುಗೂಡಿದಾಗ ದೊರೆಯುವ ಹೆಸರು ಜ್ಯಾಂತೊಪಿಂಪ್ಲ. ಈ ಹೆಸರಿನ ಮೊದಲ ಭಾಗಕ್ಕೆ ಗ್ರೀಕ್ ಭಾಷೆಯಲ್ಲಿ 'ಹಳದಿ' ಎಂದೇ ಅರ್ಥ.

ಕೊನೆಯದು ಪ್ರಭೇದ. ಜ್ಯಾಂತೊಪಿಂಪ್ಲ ಜಾತಿಯಲ್ಲಿ ಇನ್ನೂರಕ್ಕೂ ಹೆಚ್ಚು ಪ್ರಭೇದಗಳಿವೆ. ಅವುಗಳಲ್ಲಿ ಭಾರತದ ಹೊಲಗದ್ದೆಗಳಲ್ಲಿ ಹೆಚ್ಚಾಗಿ ಕಾಣುವ ಒಂದರ ಹೆಸರು ಜ್ಯಾಂತೊಪಿಂಪ್ಲ ಪಂಕ್ಟೇಟ. 'ಪಂಕ್ಟೇಟ' ಎಂದರೆ ಲ್ಯಾಟಿನ್ ಭಾಷೆಯಲ್ಲಿ ಚುಕ್ಕೆಗಳುಳ್ಳದ್ದು. ಇಲ್ಲಿ ಚುಕ್ಕೆ ಇದೆ ಎಂದರೆ ಸಾಲದು. ಎಲ್ಲಿ ಇದೆ, ಎಷ್ಟು ಇದೆ ಎಂದು ಎಣಿಸಬೇಕು. ಹೊಟ್ಟೆಯ ಮೇಲ್ಭಾಗ ಉಂಗುರಗಳಂತಹ ಖಂಡಗಳಿಂದ ಆಗಿದೆ. ಸೊಂಟದ ಕಡೆಯಿಂದ ಎಣಿಸುತ್ತ ಹೋದರೆ ಸಾಮಾನ್ಯವಾಗಿ ಒಂದು, ಮೂರು, ಐದು, ಏಳು ಎಂಬ ಬೆಸಸಂಖ್ಯೆಯ ಖಂಡಗಳ ಮೇಲೆ ಜೋಡಿ ಜೋಡಿಯಾಗಿ ಕಪ್ಪು ಚುಕ್ಕೆಗಳಿರುತ್ತವೆ. ಹೆಣ್ಣಿನ ಮೊಟ್ಟೆಯಿಡುವ ನಳಿಕೆಯ ಕಪ್ಪು ಒರೆ ಹಿಂಗಾಲಿನ ಜಂಘೆಗಿಂತ ಉದ್ದವಾಗಿರುತ್ತದೆ. ನೆತ್ತಿಯ ಮೇಲಿನ ಮೂರು ಸಣ್ಣ ಕಣ್ಣುಗಳ ನಡುವಿನ ಜಾಗವೂ ಎದೆಯ ಮೇಲ್ಭಾಗದ ಗುರುತುಗಳೂ ಕಪ್ಪು. ಇದೇ ಜಾತಿಯ ಬೇರೆ ಪ್ರಭೇದಗಳಲ್ಲಿ ಚುಕ್ಕೆಗಳ ಸಂಖ್ಯೆ, ಸ್ಥಾನ, ನಳಿಕೆಯ ಉದ್ದ ಇವು ಬೇರೆ ಬೇರೆಯಾಗಿರುತ್ತವೆ.

ಹೀಗೆ ಗುರುತಿಸುವಾಗ ಎಚ್ಚರವೂ ಅಗತ್ಯ. ಗಂಡಿಗೆ ಮೊಟ್ಟೆಯಿಡುವ ನಳಿಕೆ ಇರುವುದಿಲ್ಲ. ಅದಿಲ್ಲವೆಂದ ಮಾತ್ರಕ್ಕೆ ಬೇರೆ ಪ್ರಭೇದವೆಂದು ತೀರ್ಮಾನಿಸಬಾರದು. ದೇಹದ ಗಾತ್ರವನ್ನೂ ನಂಬಿ ಕೂರುವಂತಿಲ್ಲ. ಸಣ್ಣ ಕೋಶದಲ್ಲಿ ಬೆಳೆದ ಮರಿಗೆ ಆಹಾರ ಕಡಿಮೆಯಾಗಿ ಅದು ಕುಳ್ಳ ಕಣಜವಾಗುತ್ತದೆ. ದೊಡ್ಡ ಕೋಶದಲ್ಲಿ ಬೆಳೆದದ್ದು ದೊಡ್ಡದಾಗುತ್ತದೆ. ಎರಡೂ ಒಂದೇ ಪ್ರಭೇದ. ಬಹುಕಾಲ ಪೆಟ್ಟಿಗೆಯಲ್ಲಿಟ್ಟ ಮಾದರಿಗಳ ಬಣ್ಣ ಮಾಸುವುದೂ ಉಂಟು. ಆದ್ದರಿಂದ ಒಂದೇ ಲಕ್ಷಣವನ್ನು ಹಿಡಿದು ಹೆಸರು ಹೇಳುವವನು ಎಡವುತ್ತಾನೆ. ಹಲವು ಲಕ್ಷಣಗಳನ್ನು ಕೂಡಿಸಿ ನೋಡುವವನು ಗುರಿ ಮುಟ್ಟುತ್ತಾನೆ.

ಇಷ್ಟೆಲ್ಲ ಶ್ರಮಪಟ್ಟು ಹೆಸರನ್ನು ತಿಳಿದರೆ ಲಾಭವೇನು ಎಂದು ಯಾರಾದರೂ ಕೇಳಬಹುದು. ಹೆಸರು ಎಂಬುದು ಬರಿಯ ಶಬ್ದವಲ್ಲ. ಅದು ಜ್ಞಾನದ ಭಂಡಾರದ ಬೀಗದ ಕೈ. ಡೆನ್ಮಾರ್ಕಿನ ಕೀಟವಿಜ್ಞಾನಿ, ಲಿನೀಯಸನ ಶಿಷ್ಯ ಫ್ಯಾಬ್ರೀಷಿಯಸ್ 1781ರಲ್ಲಿ ಈ ಚುಕ್ಕೆಯ ಕಣಜವನ್ನು ವರ್ಣಿಸಿ ಹೆಸರಿಟ್ಟನು. 1970ರಲ್ಲಿ ಟೌನ್ಸ್ ಮತ್ತು ಚಿಯು ಎಂಬ ವಿದ್ವಾಂಸರು ಭಾರತದಿಂದ ಆಸ್ಟ್ರೇಲಿಯದವರೆಗಿನ ಪ್ರದೇಶದ ಜ್ಯಾಂತೊಪಿಂಪ್ಲಗಳನ್ನೆಲ್ಲ ಪರಿಶೀಲಿಸಿ ದೊಡ್ಡ ಗ್ರಂಥವನ್ನು ಹೊರತಂದರು. ಅಂಕೋಲಾದ ಗದ್ದೆಯಲ್ಲಿ ಸಿಕ್ಕ ಕಣಜದ ಹೆಸರು ಸರಿಯಾಗಿ ತಿಳಿದೊಡನೆ ಈ ಇಷ್ಟೂ ವರ್ಷಗಳಲ್ಲಿ ಬೇರೆ ಬೇರೆ ದೇಶಗಳ ಜನರು ಅದರ ಬಗ್ಗೆ ಕಂಡುಕೊಂಡದ್ದೆಲ್ಲ ಕೈಗೆ ಸಿಗುತ್ತದೆ. ಹೆಸರು ತಪ್ಪಿದರೆ ಬೇರೆಯದೇ ಬಾಗಿಲು ತೆರೆಯುತ್ತದೆ.

ಹೆಸರು ತಪ್ಪಿದ್ದರಿಂದ ಆದ ನಷ್ಟಕ್ಕೆ ಅಮೆರಿಕದ ಕ್ಯಾಲಿಫೋರ್ನಿಯದ ಕಥೆ ಒಳ್ಳೆಯ ನಿದರ್ಶನ. ಅಲ್ಲಿನ ಕಿತ್ತಳೆ, ನಿಂಬೆಯ ತೋಟಗಳಿಗೆ ಕೆಂಪು ಶಲ್ಕಕೀಟವೆಂಬ ಪಿಡುಗು ಅಂಟಿತ್ತು. ಅದನ್ನು ಕೊಲ್ಲುವ ಸಹಜ ಶತ್ರುಗಳನ್ನು ಹುಡುಕಿಕೊಂಡು ವಿಜ್ಞಾನಿಗಳು ಪೂರ್ವದೇಶಗಳಿಗೆ ಬಂದರು. ಒಂದು ಮಿಲಿಮೀಟರಿನಷ್ಟು ಚಿಕ್ಕದಾದ ಅಫೈಟಿಸ್ ಜಾತಿಯ ಹಳದಿ ಕಣಜಗಳು ಅವರಿಗೆ ಇಲ್ಲಿ ಕಂಡವು. ಆದರೆ ಆ ಜಾತಿಯ ಒಂದು ಪ್ರಭೇದ ಆಗಲೇ ಕ್ಯಾಲಿಫೋರ್ನಿಯದಲ್ಲಿತ್ತು. ಇಲ್ಲಿನದೂ ಅದೇ ಇರಬೇಕೆಂದು ಭಾವಿಸಿ ಅವರು ಅದನ್ನು ಕೈಬಿಟ್ಟರು. ಈ ತಪ್ಪು ದಶಕಗಳ ಕಾಲ ಮುಂದುವರಿಯಿತು. ಬಳಿಕ ಪಾಲ್ ಡಿಬಾಕ್ ಮೊದಲಾದವರು ಈ ಕಣಜಗಳನ್ನು ಮತ್ತಷ್ಟು ಸೂಕ್ಷ್ಮವಾಗಿ ಪರೀಕ್ಷಿಸಿದಾಗ, ಒಂದೇ ಎಂದು ತಿಳಿದಿದ್ದ ಕಣಜ ಹಲವು ಪ್ರಭೇದಗಳ ಗುಂಪೆಂದು ಗೊತ್ತಾಯಿತು. ಕೋಶಾವಸ್ಥೆಯಲ್ಲಿನ ಬಣ್ಣದಂತಹ ಸಣ್ಣ ಲಕ್ಷಣಗಳೇ ಅವುಗಳನ್ನು ಬೇರ್ಪಡಿಸಿದವು. 1956-57ರಲ್ಲಿ ಭಾರತ ಮತ್ತು ಪಾಕಿಸ್ತಾನಗಳಿಂದ ಒಯ್ದ ಅಫೈಟಿಸ್ ಮೆಲೈನಸ್ ಎಂಬ ಪ್ರಭೇದ ಆ ಪಿಡುಗನ್ನು ಹತೋಟಿಗೆ ತರುವುದರಲ್ಲಿ ಬಹುವಾಗಿ ನೆರವಾಯಿತು. ಮದ್ದು ಕಣ್ಣೆದುರಿಗೇ ಇದ್ದರೂ ಗುರುತಿಸಲಾರದೆ ಜನರು ಅಷ್ಟು ವರ್ಷ ಬರಿಗೈಯಲ್ಲಿ ಹಿಂದಿರುಗಿದ್ದರು!

ಸರಿಯಾದ ಗುರುತಿನಿಂದ ಆದ ಲಾಭಕ್ಕೆ ನಮ್ಮ ನಾಡಿನಲ್ಲಿಯೇ ಉದಾಹರಣೆಯಿದೆ. ಮೆಕ್ಸಿಕೋ ಮತ್ತು ಮಧ್ಯ ಅಮೆರಿಕದ ಮೂಲದ ಪಪಾಯಿಯ ಹಿಟ್ಟುತಿಗಣೆ 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡು, ಕರ್ನಾಟಕಕ್ಕೂ ಹಬ್ಬಿ, ಪಪಾಯಿ ಮತ್ತು ಹಿಪ್ಪುನೇರಳೆ ಬೆಳೆಗಾರರನ್ನು ಕಂಗೆಡಿಸಿತು. ತಿಗಣೆಯ ಪ್ರಭೇದ ಯಾವುದೆಂದು ಖಚಿತವಾದುದರಿಂದ ಅದರ ತವರಿನ ಶತ್ರು ಯಾವುದೆಂಬುದೂ ತಿಳಿಯಿತು. ಅಸಿರೋಫೇಗಸ್ ಪಪಾಯೆ ಎಂಬ ಅತಿ ಸಣ್ಣ ಕಣಜವನ್ನೂ ಅದರೊಂದಿಗೆ ಇನ್ನೆರಡು ಕಣಜಗಳನ್ನೂ 2010ರಲ್ಲಿ ಪೋರ್ಟೊರಿಕೊ ದ್ವೀಪದಿಂದ ತರಿಸಲಾಯಿತು. ಬೆಂಗಳೂರಿನ ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಕೀಟ ಸಂಸ್ಥೆಯಲ್ಲಿ ಅವುಗಳನ್ನು ಬೆಳೆಸಿ ರೈತರಿಗೆ ಹಂಚಿದರು. ಬಿಟ್ಟ ಕಡೆಗಳಲ್ಲೆಲ್ಲ ತಿಗಣೆಯ ಹಾವಳಿ ಇಳಿಯಿತು. ಈ ಸಂಸ್ಥೆಗೆ ಈಗ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಕೇಂದ್ರವೆಂದು ಹೆಸರು. ದೇಶದ ನಾನಾ ಭಾಗಗಳ ಕೀಟಗಳನ್ನು ಅಲ್ಲಿ ಸಂಗ್ರಹಿಸಿ ಗುರುತಿಸುತ್ತಾರೆ.

ಕೀಟಗಳನ್ನು ತಾಳ್ಮೆಯಿಂದ ಗಮನಿಸುವ ಪರಂಪರೆ ಕಾರವಾರಕ್ಕೆ ಹೊಸದಲ್ಲ. ಉತ್ತರ ಕನ್ನಡ ಜಿಲ್ಲೆಯು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ, ಮೂವರು ಅಧಿಕಾರಿಗಳು ಇಲ್ಲಿ ಸೇರಿದ್ದರು. ಜಿಲ್ಲಾಧಿಕಾರಿಯಾಗಿದ್ದ ಜೇಮ್ಸ್ ಡೇವಿಡ್‌ಸನ್, ಸುಂಕ ಮತ್ತು ಉಪ್ಪಿನ ಇಲಾಖೆಯ ಇ. ಎಚ್. ಐಟ್ಕನ್, ಅರಣ್ಯ ಇಲಾಖೆಯ ಟಿ. ಆರ್. ಬೆಲ್ ಇವರೇ ಆ ಮೂವರು. ಐಟ್ಕನ್ನರು 1883ರಲ್ಲಿ ಮುಂಬಯಿಯ ನಿಸರ್ಗ ಇತಿಹಾಸ ಸಂಘವನ್ನು ಸ್ಥಾಪಿಸಿದವರಲ್ಲಿ ಒಬ್ಬರು. ಈ ಮೂವರೂ ಸೇರಿ ಜಿಲ್ಲೆಯ ಚಿಟ್ಟೆಗಳನ್ನು ಕುರಿತು ಬರೆದ ಲೇಖನಗಳು ಆ ಸಂಘದ ಪತ್ರಿಕೆಯಲ್ಲಿ 1890ರ ದಶಕದಲ್ಲಿ ಪ್ರಕಟವಾದವು. ಅವರು ಹಾರುವ ಚಿಟ್ಟೆಯನ್ನು ಬಲೆಯಲ್ಲಿ ಹಿಡಿದು ಸುಮ್ಮನಾಗಲಿಲ್ಲ. ಹುಳುವನ್ನು ತಂದು, ಅದು ತಿನ್ನುವ ಎಲೆಯನ್ನೇ ಕೊಟ್ಟು ಸಾಕಿ, ಕೋಶವಾಗುವುದನ್ನೂ ಚಿಟ್ಟೆಯಾಗುವುದನ್ನೂ ನೋಡಿ ಬರೆದಿಟ್ಟರು. ಬೆಲ್ಲರು ನಿವೃತ್ತಿಯ ಬಳಿಕವೂ ಕಾರವಾರದಲ್ಲಿಯೇ ನೆಲೆಸಿದರು. ಗಿಡುಗ ಪತಂಗಗಳನ್ನು ಕುರಿತು ಅವರು ಸ್ಕಾಟ್ ಎಂಬವರೊಡನೆ ರಚಿಸಿದ ಗ್ರಂಥ 1937ರಲ್ಲಿ ಹೊರಬಂದಿತು. 1948ರಲ್ಲಿ ಅವರು ತೀರಿಕೊಂಡರು. ಹುಳುವನ್ನು ಸಾಕಿ ನೋಡುವ ಈ ವಿಧಾನವೇ ಪರೋಪಜೀವಿ ಕಣಜಗಳನ್ನು ಅರಿಯುವ ಹೆದ್ದಾರಿಯೂ ಹೌದು. ಹಾರಾಡುವ ಕಣಜವನ್ನು ಹಿಡಿದರೆ ಅದರ ರೂಪ ಮಾತ್ರ ತಿಳಿದೀತು. ಕೋಶದಿಂದ ಹೊರಬಂದ ಕಣಜವನ್ನು ಕಂಡರೆ ಅದರ ವೃತ್ತಿಯೂ ತಿಳಿಯುತ್ತದೆ.

ಈ ಕೆಲಸಕ್ಕೆ ದೊಡ್ಡ ಪ್ರಯೋಗಶಾಲೆ ಬೇಕಾಗಿಲ್ಲ. ಗದ್ದೆಯಲ್ಲಿ ಮಡಚಿದ ಎಲೆಯೊಳಗೆ ಸಿಕ್ಕ ಕೋಶವನ್ನು ಎಲೆಸಹಿತ ಗಾಜಿನ ಸೀಸೆಯಲ್ಲಿಟ್ಟು, ಬಾಯಿಗೆ ತೆಳುವಾದ ಬಟ್ಟೆ ಕಟ್ಟಿ, ನೆರಳಿನಲ್ಲಿಡಬೇಕು. ಸಿಕ್ಕ ಊರು, ದಿನಾಂಕ, ಯಾವ ಗಿಡ, ಯಾವ ಹುಳು ಎಂಬುದನ್ನು ಚೀಟಿಯಲ್ಲಿ ಬರೆದು ಅಂಟಿಸಬೇಕು. ಚೀಟಿಯಿಲ್ಲದ ಕೀಟ ವಿಳಾಸವಿಲ್ಲದ ಪತ್ರದಂತೆ. ಕೆಲವು ದಿನಗಳಲ್ಲಿ ಪತಂಗವೋ ಕಣಜವೋ ಹೊರಬರುತ್ತದೆ. ಕಣಜವಾಗಿದ್ದರೆ ಭೂತಗನ್ನಡಿಯಿಂದ ಸೊಂಟ, ರೆಕ್ಕೆ, ಕಾಲು, ಚುಕ್ಕೆಗಳನ್ನು ಕ್ರಮವಾಗಿ ನೋಡಿ ಬರೆದುಕೊಳ್ಳಬಹುದು. ಇಂದು ಜೀವಕೋಶದಲ್ಲಿರುವ ಡಿ.ಎನ್.ಎ.ಯನ್ನು ಪರೀಕ್ಷಿಸಿ ಪ್ರಭೇದಗಳನ್ನು ಬೇರ್ಪಡಿಸುವ ವಿಧಾನವೂ ಬಂದಿದೆ. ಕಣ್ಣಿಗೆ ಒಂದೇ ಆಗಿ ಕಾಣುವ ಪ್ರಭೇದಗಳನ್ನು ಬಿಡಿಸಲು ಅದು ಬಹಳ ಉಪಯುಕ್ತ. ಆದರೆ ಆ ಪರೀಕ್ಷೆಯ ಫಲಿತಾಂಶವನ್ನು ಸರಿಯಾಗಿ ಗುರುತಿಸಿಟ್ಟ ಮಾದರಿಯೊಂದಕ್ಕೆ ಹೋಲಿಸಿಯೇ ಹೆಸರು ಹೇಳಬೇಕಾಗುತ್ತದೆ. ಆ ಮೊದಲ ಗುರುತು ನುರಿತ ಕಣ್ಣಿನದೇ.

ಗದ್ದೆಯಲ್ಲಿ ಹುಳು ಕಂಡೊಡನೆ ವಿಷದ ಔಷಧಿಯನ್ನು ಸಿಂಪಡಿಸಿದರೆ ಹುಳುವಿನೊಂದಿಗೆ ಕಣಜವೂ ಸಾಯುತ್ತದೆ. ಎಲೆಯ ಮಡಿಕೆಯೊಳಗೆ ಅವಿತಿದ್ದ ಕೆಲವು ಹುಳುಗಳು ಉಳಿದುಕೊಳ್ಳಬಹುದು. ಬಯಲಿನಲ್ಲಿ ಹಾರಾಡುವ ಕಣಜಕ್ಕೆ ಅವಿತುಕೊಳ್ಳಲು ಜಾಗವಿಲ್ಲ. ಆಮೇಲೆ ಹುಳುಗಳ ಸಂಖ್ಯೆ ಬೆಳೆದಾಗ ಅವುಗಳನ್ನು ತಡೆಯುವವರು ಯಾರೂ ಇರುವುದಿಲ್ಲ. ಗದ್ದೆಯನ್ನು ಸುತ್ತಿ, ಕೋಶಗಳನ್ನು ಬಿಡಿಸಿ, ಎಷ್ಟರಲ್ಲಿ ಪತಂಗವಿದೆ, ಎಷ್ಟರಲ್ಲಿ ಕಣಜವಿದೆ ಎಂದು ನೋಡಿದ ರೈತ ಔಷಧಿ ಬೇಕೆ ಬೇಡವೆ ಎಂಬುದನ್ನು ತಾನೇ ವಿವೇಚಿಸಬಲ್ಲನು. ಆ ವಿವೇಚನೆಗೆ ಆಧಾರ ಗುರುತಿನ ಜ್ಞಾನ.

ಅಂದು ಗೂಡಿನ ಹೊರಗೆ ನಿಂತು ನೋಡಿದವರಿಗೆ ಹುಳು ಭ್ರಮರವಾದಂತೆ ತೋರಿತು. ಗೂಡಿನ ಒಳಗನ್ನೂ ನೋಡಿದವರಿಗೆ ಎರಡು ಜೀವಿಗಳ ಬೇರೆ ಬೇರೆ ಬಾಳು ಕಂಡಿತು. ಒಂದು ಹೆಜ್ಜೆ ಹತ್ತಿರ ಹೋಗಿ, ಒಂದು ಗಳಿಗೆ ಹೆಚ್ಚು ನಿಂತು, ಚುಕ್ಕೆಗಳನ್ನು ಎಣಿಸುವಷ್ಟು ತಾಳ್ಮೆ ತೋರಿದರೆ ಹಾರುವ ಹಳದಿ ಹುಳು ಭಯದ ವಸ್ತುವಾಗಿ ಉಳಿಯುವುದಿಲ್ಲ. ಕೂಲಿ ಕೇಳದೆ ಗದ್ದೆ ಕಾಯುವ ಕ್ಷೇತ್ರಪಾಲನಾಗಿ ಕಾಣುತ್ತದೆ.

ಪದಗಳ ಅರ್ಥ

ನ್ಯಾಯ – ಇಲ್ಲಿ, ದೃಷ್ಟಾಂತ. ತತ್ತ್ವವನ್ನು ತಿಳಿಸುವ ಹೋಲಿಕೆ
ಭ್ರಮರ – ದುಂಬಿ, ಕಣಜ
ಕುಡಿಮೀಸೆ – ಕೀಟದ ತಲೆಯ ಮೇಲಿನ ಸ್ಪರ್ಶಾಂಗ
ಜಂಘೆ – ಕಾಲಿನಲ್ಲಿ ತೊಡೆಯ ಮುಂದಿನ ಭಾಗ
ಒರೆ – ಕವಚ, ಕತ್ತಿಯ ಚೀಲದಂತಹ ಹೊದಿಕೆ
ನಿದರ್ಶನ – ಉದಾಹರಣೆ
ಕ್ಷೇತ್ರಪಾಲ – ಹೊಲವನ್ನು ಕಾಯುವವನು

ಅಭ್ಯಾಸ

ಅ. ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ಕೀಟ-ಭ್ರಮರ ನ್ಯಾಯವು ತಿಳಿಸುವ ತತ್ತ್ವ ಯಾವುದು?
2. ನೊಣಕ್ಕೂ ಕಣಜಕ್ಕೂ ರೆಕ್ಕೆಗಳಲ್ಲಿ ಇರುವ ವ್ಯತ್ಯಾಸವೇನು?
3. 'ಪಂಕ್ಟೇಟ' ಎಂಬ ಪದದ ಅರ್ಥವೇನು?
4. ಚುಕ್ಕೆಯ ಕಣಜಕ್ಕೆ ಮೊದಲು ಹೆಸರಿಟ್ಟವರು ಯಾರು?

ಆ. ಎರಡು-ಮೂರು ವಾಕ್ಯಗಳಲ್ಲಿ ಉತ್ತರಿಸಿರಿ.
1. ಜಂತುಹುಳುವಿಗೂ ಪರೋಪಜೀವಿ ಕಣಜದ ಮರಿಗೂ ಇರುವ ಭೇದವೇನು?
2. ಕಣಜವನ್ನು ಗುರುತಿಸುವಾಗ ದೇಹದ ಗಾತ್ರವನ್ನು ನಂಬಬಾರದೇಕೆ?
3. ಡೇವಿಡ್‌ಸನ್, ಐಟ್ಕನ್, ಬೆಲ್ ಇವರು ಚಿಟ್ಟೆಗಳನ್ನು ಅಭ್ಯಾಸ ಮಾಡಿದ ರೀತಿ ಯಾವುದು?

ಇ. ಎಂಟು-ಹತ್ತು ವಾಕ್ಯಗಳಲ್ಲಿ ಉತ್ತರಿಸಿರಿ.
1. ಚುಕ್ಕೆಯ ಕಣಜವನ್ನು ಗಣದಿಂದ ಪ್ರಭೇದದವರೆಗೆ ಗುರುತಿಸುವ ಕ್ರಮವನ್ನು ವಿವರಿಸಿರಿ.
2. 'ಹೆಸರು ಎಂಬುದು ಜ್ಞಾನದ ಭಂಡಾರದ ಬೀಗದ ಕೈ.' ಈ ಮಾತನ್ನು ಪಾಠದಲ್ಲಿನ ಉದಾಹರಣೆಗಳಿಂದ ಸಮರ್ಥಿಸಿರಿ.

ಈ. ಬಿಡಿಸಿ ಬರೆದು ಸಂಧಿಯನ್ನು ಹೆಸರಿಸಿರಿ.
ಪರೋಪಜೀವಿ, ಕೋಶಾವಸ್ಥೆ, ಸ್ಪರ್ಶಾಂಗ

ಉ. ಸ್ವಂತ ವಾಕ್ಯಗಳಲ್ಲಿ ಬಳಸಿರಿ.
ಕಣ್ಣಾರೆ, ತಬ್ಬಿಬ್ಬಾಗು, ಕಂಗೆಡಿಸು, ಹೇಳಿ ಮಾಡಿಸಿದ

ಊ. ಚಟುವಟಿಕೆ
ನಿಮ್ಮ ಊರಿನ ಗದ್ದೆ ಅಥವಾ ಕೈತೋಟದಲ್ಲಿ ಸಿಕ್ಕ ಕೋಶವೊಂದನ್ನು ಸೀಸೆಯಲ್ಲಿಟ್ಟು, ದಿನವೂ ಕಂಡದ್ದನ್ನು ದಿನಾಂಕಸಹಿತ ಬರೆದಿಡಿರಿ. ಹೊರಬಂದ ಕೀಟದ ಚಿತ್ರವನ್ನು ಬರೆದು, ಅದರ ಲಕ್ಷಣಗಳನ್ನು ಕ್ರಮವಾಗಿ ಪಟ್ಟಿಮಾಡಿರಿ.